ಕ್ಯಾಟಪಲ್ಟ್ ಬರುವವರೆಗೆ ಕುರುಡಾಗಿರಬೇಕೆ?

ನಮ್ಮ ವಿಮಾನವಾಹಕ ನೌಕೆಗಳಿಗೆ ಅಮೆರಿಕದ ಹಾಕ್‌ಐ ಮುನ್ನೆಚ್ಚರಿಕೆ ರಾಡಾರ್ ವಿಮಾನ ಬೇಕು, ಅದಿಲ್ಲದಿದ್ದರೆ ಮಿಕ್ಕಿದ್ದೆಲ್ಲ ದಂಡ ಎಂದು ಟಿವಿ ಚರ್ಚೆಗಳಲ್ಲಿ ಗುಡುಗುವ ಪಂಡಿತರು ಒಂದು ಲೆಕ್ಕ ಮಾಡಿ ನೋಡಲಿ. ಭೂಮಿ ಗುಂಡಗಿದೆ. ನೀರಿನಿಂದ 30 ಮೀಟರ್ ಮೇಲೆ ಕೂರಿಸಿದ ಹಡಗಿನ ರಾಡಾರ್‌ಗೆ, 5 ಮೀಟರ್ ಎತ್ತರದಲ್ಲಿ ಅಲೆ ಸವರಿಕೊಂಡು ಬರುವ ಕ್ಷಿಪಣಿ ಕಾಣುವುದು ಸುಮಾರು 32 ಕಿಲೋಮೀಟರ್ ಹತ್ತಿರ ಬಂದ ಮೇಲೆ. ಶಬ್ದಕ್ಕಿಂತ ತುಸು ನಿಧಾನವಾಗಿ ಬಂದರೂ ಅಲ್ಲಿಂದ ಹಡಗು ತಲುಪಲು ಅದಕ್ಕೆ ನೂರು ಚಿಲ್ಲರೆ ಸೆಕೆಂಡು ಸಾಕು. ರಾಡಾರನ್ನು 3,000 ಮೀಟರ್ ಮೇಲಕ್ಕೊಯ್ದರೆ ದಿಗಂತ 230 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಕೈಗೆ ಹನ್ನೆರಡು ನಿಮಿಷ ಸಿಗುತ್ತದೆ. ಅಗ್ಗದ ರಾಡಾರ್ ಅಷ್ಟು ದೂರ ಕಾಣದೆ ಅರ್ಧಕ್ಕೇ ನಿಂತಿತೆನ್ನಿ, ಆಗಲೂ ಆರು ನಿಮಿಷ. ಹನ್ನೆರಡು ಸಿಗದಿದ್ದರೆ ಆರೂ ಬೇಡ ಎನ್ನುವುದು ಯಾವ ಯುದ್ಧಶಾಸ್ತ್ರ?

ಈ ಜಾಣತನಕ್ಕೆ ಬ್ರಿಟಿಷರು ಬೆಲೆ ತೆತ್ತಿದ್ದಾರೆ. ಹಳೆಯ ಗ್ಯಾನೆಟ್ ಮುನ್ನೆಚ್ಚರಿಕೆ ವಿಮಾನಗಳನ್ನು ಅವರು 1978ರಲ್ಲಿ ಮನೆಗೆ ಕಳಿಸಿದರು, ಬದಲಿಗೆ ಏನನ್ನೂ ತರಲಿಲ್ಲ. 1982ರ ಮೇ 4ರಂದು ಫಾಕ್‌ಲ್ಯಾಂಡ್ ಯುದ್ಧದ ನಡುವೆ ಅರ್ಜೆಂಟೀನಾದ ಎಕ್ಸೋಸೆ ಕ್ಷಿಪಣಿ ಅವರ ಶೆಫೀಲ್ಡ್ ಯುದ್ಧನೌಕೆಗೆ ಬಡಿಯಿತು. 20 ಮಂದಿ ಸತ್ತರು. ಆಕಾಶದಲ್ಲಿ ಕಣ್ಣಿಲ್ಲದ ಕಾರಣ ಹಡಗುಗಳನ್ನೇ ಮುಂದೆ ಕಾವಲಿಗೆ ನಿಲ್ಲಿಸಿದ್ದರು. ಆಮೇಲೆ ಸೀ ಕಿಂಗ್ ಹೆಲಿಕಾಪ್ಟರಿನ ಪಕ್ಕೆಗೆ ಸರ್ಚ್‌ವಾಟರ್ ರಾಡಾರ್ ಕಟ್ಟಿದರು. ಕೆಲವೇ ವಾರಗಳಲ್ಲಿ ಮುಗಿದ ಕೆಲಸ! ಆದರೆ ಅದು ಕಡಲಿಗೆ ಹೋಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ನಮ್ಮ ಸ್ಥಿತಿ ಏನು? ಕಾರವಾರದಲ್ಲಿ ನೆಲೆ ನಿಂತ ವಿಕ್ರಮಾದಿತ್ಯಕ್ಕಾಗಲಿ, 2022ರಲ್ಲಿ ಸೇವೆಗೆ ಬಂದ ವಿಕ್ರಾಂತಕ್ಕಾಗಲಿ ವಿಮಾನವನ್ನು ಚಿಮ್ಮಿಸಿ ಹಾರಿಸುವ ಕ್ಯಾಟಪಲ್ಟ್ ಇಲ್ಲ. ಹಾಕ್‌ಐ ಹುಟ್ಟಿದ್ದೇ ಕ್ಯಾಟಪಲ್ಟ್‌ನಿಂದ ಚಿಮ್ಮಲು. ಫ್ರಾನ್ಸಿಗೆ ಮೂರು ಹಾಕ್‌ಐ ಕೊಡಲು 2020ರಲ್ಲಿ ಅಮೆರಿಕ ಅಂದಾಜಿಸಿದ ವೆಚ್ಚ ಪರಿಕರ, ತರಬೇತಿ ಎಲ್ಲ ಸೇರಿ 200 ಕೋಟಿ ಡಾಲರ್. ನಮ್ಮಲ್ಲಿರುವುದು 2003ರಿಂದ ಬಂದ, ರಾಡಾರ್ ಹೊತ್ತ ರಷ್ಯಾದ ಕಾಮೋವ್-31 ಹೆಲಿಕಾಪ್ಟರುಗಳು. ಇನ್ನೂ ಹತ್ತು ಕೊಳ್ಳಲು 2019ರಲ್ಲಿ ಸುಮಾರು 3,600 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ಕಡತ ಮಲಗಿತು. ಒಪ್ಪಿಗೆ ಸಿಕ್ಕ ದಿನವೇ ಆಯುಧ ಬಂದಂತೆ ಪತ್ರಿಕೆಗಳಲ್ಲಿ ಶೀರ್ಷಿಕೆ, ಸಂಭ್ರಮ. ಈ ದೇಶದಲ್ಲಿ ಸೇತುವೆಗೂ ಆಸ್ಪತ್ರೆಗೂ ಯುದ್ಧ ಸಾಮಗ್ರಿಗೂ ಶಂಕುಸ್ಥಾಪನೆಯೇ ಗೃಹಪ್ರವೇಶ.

ದಡದಿಂದ ಹಾರುವ ಪಿ-8ಐ ಗಸ್ತು ವಿಮಾನ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ದಡದ ವಿಮಾನಗಳೇ ಸದಾ ತಲೆ ಮೇಲಿರಬಲ್ಲ ಕಡಲಿನಲ್ಲೇ ಓಡಾಡುವುದಾದರೆ ವಿಮಾನವಾಹಕ ನೌಕೆ ಯಾತಕ್ಕೆ? ಹೆಲಿಕಾಪ್ಟರ್ ಎರಡೂವರೆ ಗಂಟೆಗೆ ಇಳಿಯಬೇಕು, ನಿಜ. ಹಾಗಾದರೆ ಸರದಿಗೆ ಬೇಕಾದಷ್ಟು ಕೊಳ್ಳಿ. ಡ್ರೋನ್ ದಾರಿಯೂ ತೆರೆದಿದೆ: 2023ರಲ್ಲಿ ಮೊಜಾವೆ ಡ್ರೋನ್ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ನೌಕೆಯಿಂದ ಕ್ಯಾಟಪಲ್ಟ್ ಇಲ್ಲದೆಯೇ ಹಾರಿ, ಅದರ ಮೇಲೇ ಇಳಿಯಿತು. ವಾಯುಪಡೆಗೆ 2017ರಲ್ಲಿ ನೇತ್ರ ಮುನ್ನೆಚ್ಚರಿಕೆ ವಿಮಾನ ಕೊಟ್ಟ ಬೆಂಗಳೂರಿನ ರಕ್ಷಣಾ ಸಂಶೋಧನಾ ಕೇಂದ್ರ ಸಿಎಬಿಎಸ್‌ನ ವಿಜ್ಞಾನಿಗಳಿಗೆ ಇಂಥದ್ದಕ್ಕೆ ಹೊಂದುವ ಹಗುರ ರಾಡಾರ್ ಮಾಡಿಕೊಡಿ ಎಂದು ಹಣ, ಗಡುವು ಎರಡನ್ನೂ ಕೊಟ್ಟರೆ ಯಾರ ಪ್ರತಿಷ್ಠೆಗೆ ಕುಂದು? ನೌಕಾಪಡೆಗೆಂದು 26 ರಫೇಲ್‌ಗೆ ಸುಮಾರು 63,000 ಕೋಟಿ ಹೊಂದಿಸಿದ ಸರ್ಕಾರ, ಶತ್ರು ಯಾವ ದಿಕ್ಕಿನಿಂದ ಬರುತ್ತಿದ್ದಾನೆಂದು ಆ ರಫೇಲ್‌ಗಳಿಗೆ ಹೇಳುವವರು ಯಾರು ಎಂಬುದಕ್ಕೆ ಇನ್ನೂ ಟೆಂಡರಿನ ಭಾಷೆಯಲ್ಲಿ ಉತ್ತರಿಸಿಲ್ಲ.