ಮನೆಯಂಗಳದ ವಿಜ್ಞಾನ

ಬೀದರ ಜಿಲ್ಲೆಯ ಚಿಟಗುಪ್ಪದ ಸುತ್ತಮುತ್ತಲಿನ ಹೊಲಗಳಲ್ಲಿ ಮುಂಗಾರು ಮಳೆ ಬಿದ್ದೊಡನೆ ಹೆಸರು, ಉದ್ದು, ತೊಗರಿಗಳ ಬಿತ್ತನೆ ಮೊದಲಾಗುತ್ತದೆ. ಆ ಭಾಗದ ಒಕ್ಕಲುಮನೆಗಳ ಮಕ್ಕಳಿಗೆ ಈ ಬೆಳೆಗಳನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೊಳೆತ ಎಲೆಯನ್ನು ಕಂಡ ಮಾತ್ರಕ್ಕೆ ಇದು ಹೆಸರು, ಇದು ಉದ್ದು ಎಂದು ಅವರು ಹೇಳಬಲ್ಲರು. ಆದರೆ ಅದೇ ಮಕ್ಕಳು ವಿಜ್ಞಾನದ ಪುಸ್ತಕವನ್ನು ತೆರೆದಾಗ, ದ್ವಿದಳ ಧಾನ್ಯದ ಸಸ್ಯಗಳ ಬೇರುಗಳಲ್ಲಿ ಗಂಟುಗಳಿರುತ್ತವೆ, ಅವುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಗಳು ವಾಸಿಸುತ್ತವೆ ಎಂಬ ಮಾತನ್ನು ಬಾಯಿಪಾಠ ಮಾಡುತ್ತಾರೆ. ತಮ್ಮ ಹೊಲದ ತೊಗರಿಯ ಗಿಡವೊಂದನ್ನು ಅಗೆದು ತೆಗೆದು ಅದರ ಬೇರನ್ನು ನೋಡಬೇಕೆಂದು ಅವರಿಗೆ ತೋರುವುದು ಅಪರೂಪ. ಪರೀಕ್ಷೆಯಲ್ಲಿ ಅಂಕಗಳೇನೋ ದೊರೆಯುತ್ತವೆ. ಆದರೆ ಪುಸ್ತಕದ ಗಂಟು ಪುಸ್ತಕದಲ್ಲಿಯೂ ಹೊಲದ ಗಂಟು ಹೊಲದಲ್ಲಿಯೂ ಉಳಿದುಬಿಡುತ್ತವೆ.

ಈ ಎರಡನ್ನೂ ಒಂದುಗೂಡಿಸುವುದೇ ವಿಜ್ಞಾನ ಶಿಕ್ಷಣದ ಮೊದಲ ಕರ್ತವ್ಯ. ವಿಜ್ಞಾನವೆಂದರೆ ಗಾಜಿನ ನಳಿಕೆಗಳೂ ಬೆಲೆಬಾಳುವ ಉಪಕರಣಗಳೂ ತುಂಬಿದ ಕೊಠಡಿಯಲ್ಲಿ ಮಾತ್ರ ನಡೆಯತಕ್ಕದ್ದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಇದು ಸರಿಯಾದ ಭಾವನೆಯಲ್ಲ. ಕಣ್ಣಿಟ್ಟು ನೋಡುವುದು, ಅಳೆಯುವುದು, ಹೋಲಿಸುವುದು, ಕಾರಣವನ್ನು ಊಹಿಸುವುದು, ಆ ಊಹೆ ಸರಿಯೇ ಎಂದು ಮತ್ತೆ ಪರೀಕ್ಷಿಸುವುದು—ಇವೇ ವಿಜ್ಞಾನದ ಮೂಲ ವ್ಯಾಪಾರಗಳು. ಇವುಗಳನ್ನು ಕಲಿಯಲು ಮನೆಯ ಅಂಗಳ, ಅಡುಗೆಮನೆ, ಹೊಲ ಮತ್ತು ಕುಶಲಕರ್ಮಿಯ ಕಾರ್ಯಾಗಾರಗಳಿಗಿಂತ ಹತ್ತಿರದ ಸ್ಥಳ ಬೇರೆ ಇಲ್ಲ.

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಪದ್ಧತಿಯನ್ನು ಕೆಲವು ಕುಟುಂಬಗಳು ಅನುಸರಿಸುತ್ತಿವೆ. ಬೆಂಗಳೂರಿನಂತಹ ನಗರಗಳಲ್ಲಿ ಇಂತಹ ಕುಟುಂಬಗಳಿವೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ, ನಿತ್ಯವೂ ಶಾಲೆಗೆ ಹೋಗದ ಮಕ್ಕಳು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳಿಗೆ ಸಮನಾದ ಪರೀಕ್ಷೆಗಳಿಗೆ ಕುಳಿತುಕೊಳ್ಳಬಹುದು. ಇದು ಓದುಬರಹ ಬಲ್ಲ, ಬಿಡುವುಳ್ಳ ತಂದೆತಾಯಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಬಹುಕಾಲ ತೋರುತ್ತಿತ್ತು. ಆದರೆ 2020ರಲ್ಲಿ ಕೊರೊನಾ ರೋಗ ಹರಡಿದಾಗ ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಶಾಲೆಗಳೆಲ್ಲ ಮುಚ್ಚಿದವು. ಬಯಸಿದವರಿಗೂ ಬಯಸದವರಿಗೂ ಮನೆಯೇ ಶಾಲೆಯಾಯಿತು. ಆಗಸ್ಟ್ ತಿಂಗಳಿನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಶಿಕ್ಷಕರೇ ಮಕ್ಕಳಿದ್ದೆಡೆಗೆ ಹೋಗಿ ಮರದ ನೆರಳಿನಲ್ಲಿಯೂ ಗುಡಿಯ ಕಟ್ಟೆಯ ಮೇಲೂ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್ ತಿಂಗಳಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಪ್ರಯೋಗಾಲಯದ ಬಾಗಿಲಿಗೆ ಬೀಗ ಬಿದ್ದಾಗ ವಿಜ್ಞಾನವನ್ನು ಕಲಿಸುವುದೆಂತು ಎಂಬ ಪ್ರಶ್ನೆ ಆಗ ಪ್ರತಿಯೊಂದು ಮನೆಯ ಮುಂದೆಯೂ ಬಂದು ನಿಂತಿತು. ಶಾಲೆಗಳು ಮತ್ತೆ ತೆರೆದಿವೆ. ಆದರೂ ಆ ಪ್ರಶ್ನೆಯ ಬೆಲೆ ಕಡಿಮೆಯಾಗಿಲ್ಲ.

ಅದಕ್ಕೆ ಮೊದಲ ಉತ್ತರ ಹೊಲದಲ್ಲಿಯೇ ಇದೆ. ಬಿತ್ತಿದ ಐದಾರು ವಾರಗಳ ಅನಂತರ ತೊಗರಿಯ ಗಿಡವೊಂದನ್ನು ಕೀಳದೆ, ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆದು, ಬೇರನ್ನು ನೀರಿನಲ್ಲಿ ಮೆಲ್ಲನೆ ತೊಳೆಯಬೇಕು. ಸಣ್ಣ ಸಣ್ಣ ಗಂಟುಗಳು ಕಾಣಿಸುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಭಾಗವು ನಸುಗೆಂಪಾಗಿರುತ್ತದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವಿನದು; ಮನುಷ್ಯನ ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹಿಮೋಗ್ಲೋಬಿನ್ನಿಗೆ ಅದು ಹತ್ತಿರದ ನಂಟು. ಗಂಟಿನೊಳಗಿನ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತಿವೆ ಎಂಬುದಕ್ಕೆ ಆ ಬಣ್ಣವೇ ಗುರುತು. ಬಳಿಕ ಜೋಳದ ಗಿಡದ ಬೇರನ್ನೂ ಅದೇ ರೀತಿ ತೊಳೆದು ನೋಡಬೇಕು. ಅಲ್ಲಿ ಇಂತಹ ಗಂಟುಗಳಿಲ್ಲ. ಜೋಳದೊಡನೆ ತೊಗರಿಯ ಸಾಲುಗಳನ್ನು ಹಿರಿಯರು ಏಕೆ ಬಿತ್ತುತ್ತಿದ್ದರೆಂಬ ಪ್ರಶ್ನೆ ಆಗ ಮಗುವಿನ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟುತ್ತದೆ.

ಎರಡನೆಯ ಪಾಠ ಮಣ್ಣಿನದು. ಬೀದರ ಜಿಲ್ಲೆಯಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಎರೆಮಣ್ಣೂ ಇದೆ. ತಳದಲ್ಲಿ ತೂತುಗಳಿರುವ ಎರಡು ಡಬ್ಬಿಗಳಲ್ಲಿ ಒಣಗಿಸಿ ಪುಡಿಮಾಡಿದ ಈ ಎರಡು ಮಣ್ಣುಗಳನ್ನು ಸಮತೂಕವಾಗಿ ತುಂಬಿ, ಸಮನಾಗಿ ನೀರು ಹೊಯ್ದು, ಕೆಳಗೆ ಇಳಿದ ನೀರನ್ನು ಅಳೆಯಬೇಕು. ಕೆಂಪು ಮಣ್ಣಿನಿಂದ ನೀರು ಬೇಗನೆ ಇಳಿಯುತ್ತದೆ. ಎರೆಮಣ್ಣಿನ ಅತಿ ಸೂಕ್ಷ್ಮವಾದ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುವುದರಿಂದ ಅಲ್ಲಿ ಇಳಿಯುವ ನೀರು ಕಡಿಮೆ. ಮಳೆ ನಿಂತ ಮೇಲೆಯೂ ಎರೆಹೊಲದಲ್ಲಿ ಹಿಂಗಾರಿನ ಜೋಳ ಮತ್ತು ಕಡಲೆ ಬೆಳೆಯುವುದರ ಗುಟ್ಟು ಇದು. ಬೇಸಗೆಯಲ್ಲಿ ಅದೇ ಹೊಲ ಬಿರುಕು ಬಿಡುವುದಕ್ಕೂ ಕಾರಣ ಇದೇ. ಉಬ್ಬಿದ ಕಣಗಳು ಒಣಗಿದಾಗ ಕುಗ್ಗುತ್ತವೆ. ಕೆಂಪು ಮಣ್ಣಿನ ಕಡೆಯ ನೀರು ಎಲ್ಲಿಗೆ ಹೋಯಿತೆಂದು ಮಗು ಕೇಳಿದರೆ, ಅದನ್ನು ಬೀದರಕ್ಕೆ ಕರೆದುಕೊಂಡು ಹೋಗಬಹುದು. ಬೀದರದ ಎತ್ತರದ ನೆಲದಲ್ಲಿ ಮೇಲೆ ತೂತುತೂತಾದ ಜಂಬಿಟ್ಟಿಗೆ ಕಲ್ಲಿನ ಪದರವಿದೆ. ಅದರ ಕೆಳಗೆ ಗಟ್ಟಿಯಾದ ಕಪ್ಪುಕಲ್ಲಿದೆ. ಮಳೆಯ ನೀರು ಮೇಲಿನ ಪದರದಲ್ಲಿ ಜಿನುಗಿ, ಕೆಳಗಿನ ಪದರವನ್ನು ಮುಟ್ಟಿ ತಡೆದು ನಿಲ್ಲುತ್ತದೆ. ಇದನ್ನು ಬಲ್ಲವರು 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ನೌಬಾದಿನ ಬಳಿ ನೆಲದಡಿಯಲ್ಲಿ ಸುರಂಗವನ್ನು ತೋಡಿ ಆ ನೀರನ್ನು ಹರಿಯಿಸಿದರು. ಕರೇಜ್ ಎಂದು ಹೆಸರಾದ ಆ ಸುರಂಗವೂ ಮನೆಯಂಗಳದ ಎರಡು ಡಬ್ಬಿಗಳೂ ಹೇಳುವ ತತ್ತ್ವ ಒಂದೇ.

ಮೂರನೆಯ ಪಾಠಕ್ಕೆ ನೆಟ್ಟಗಿರುವ ಒಂದು ಕೋಲು ಸಾಕು. ಅದನ್ನು ಅಂಗಳದಲ್ಲಿ ಲಂಬವಾಗಿ ನೆಟ್ಟು, ಅದರ ನೆರಳಿನ ತುದಿಯನ್ನು ಹತ್ತು ನಿಮಿಷಕ್ಕೊಮ್ಮೆ ಗುರುತು ಮಾಡುತ್ತ ಹೋಗಬೇಕು. ನೆರಳು ಅತ್ಯಂತ ಗಿಡ್ಡವಾಗುವುದು ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಲ್ಲ. ಚಿಟಗುಪ್ಪದಲ್ಲಿ ಅದು ಸುಮಾರು ಹನ್ನೆರಡು ಗಂಟೆ 20 ನಿಮಿಷದ ಹೊತ್ತಿಗೆ. ಭಾರತದ ಗಡಿಯಾರಗಳೆಲ್ಲ 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಚಿಟಗುಪ್ಪ ಅದಕ್ಕಿಂತ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ತಡವಾಗಿ. ಇನ್ನೂ ಒಂದು ಸೋಜಿಗವಿದೆ. ಮೇ ತಿಂಗಳ ಎರಡನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಮತ್ತೊಮ್ಮೆ, ಮಧ್ಯಾಹ್ನದಲ್ಲಿ ಆ ಕೋಲಿಗೆ ನೆರಳೇ ಇರುವುದಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ಥನೀಸ್ ಎಂಬ ಗ್ರೀಕ್ ವಿದ್ವಾಂಸನು ಈಜಿಪ್ಟಿನ ಎರಡು ಊರುಗಳ ಮಧ್ಯಾಹ್ನದ ನೆರಳುಗಳನ್ನು ಹೋಲಿಸಿಯೇ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದನು. ಅವನ ಬಳಿಯೂ ಇದ್ದುದು ನೆರಳು ಮತ್ತು ಗಣಿತ ಮಾತ್ರ.

ಕುಶಲ ಕಸುಬುಗಳೂ ಇಂತಹ ಪಾಠಶಾಲೆಗಳೇ. ಬೀದರದ ಬಿದರಿ ಕಲೆಯನ್ನು ನೋಡಬಹುದು. ಸತುವಿಗೆ ತುಸು ತಾಮ್ರವನ್ನು ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಬೆಳ್ಳಿಯ ಎಳೆಗಳನ್ನು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕೂಡಿಸಿ ಕಾಯಿಸಿ, ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಮಿಶ್ರಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ತಕ್ಕ ಮಣ್ಣು ಯಾವುದೆಂದು ಕುಶಲಕರ್ಮಿಗಳು ನಾಲಗೆಯ ರುಚಿಯಿಂದಲೇ ಗುರುತಿಸುತ್ತಾರೆ. ಒಂದೇ ದ್ರವದಲ್ಲಿ ಅದ್ದಿದರೂ ಒಂದು ಲೋಹ ಕಪ್ಪಾಗಿ ಇನ್ನೊಂದು ಏಕೆ ಹಾಗಾಗಲಿಲ್ಲ ಎಂದು ಕೇಳುವ ಹುಡುಗನಿಗೆ ರಸಾಯನಶಾಸ್ತ್ರದ ಬಾಗಿಲು ತೆರೆದಂತೆಯೇ ಸರಿ.

ಕೈಕೆಲಸವನ್ನೂ ವಿದ್ಯೆಯನ್ನೂ ಕೂಡಿಸುವ ಈ ಆಲೋಚನೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಮಕ್ಕಳಿಗೆ ಶಿಕ್ಷಣ ದೊರೆಯಬೇಕೆಂದು ಪ್ರತಿಪಾದಿಸಿದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ‘ಬಾಲಪ್ರಪಂಚ’ವನ್ನು ರಚಿಸಿ ಲೋಕದ ವಿಷಯಗಳನ್ನು ಕನ್ನಡದ ಮಕ್ಕಳ ಮುಂದಿಟ್ಟರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣದ ಕಾರ್ಯಕ್ರಮವು ಹಳ್ಳಿಯ ಮಕ್ಕಳು ಅಗ್ಗದ ಸಲಕರಣೆಗಳಿಂದ ತಾವೇ ಪ್ರಯೋಗ ಮಾಡಿ ಕಲಿಯಬಲ್ಲರೆಂದು ತೋರಿಸಿಕೊಟ್ಟಿತು. 2002ರವರೆಗೆ, ಮೂವತ್ತು ವರ್ಷಗಳ ಕಾಲ, ಅದು ನಡೆಯಿತು.

ಹಾಗಾದರೆ ಮಕ್ಕಳನ್ನು ಹೊಲದಲ್ಲಿ ಬಿಟ್ಟುಬಿಟ್ಟರೆ ಅವರು ವಿಜ್ಞಾನಿಗಳಾಗುವರೇ? ಖಂಡಿತ ಇಲ್ಲ. ಹೊಲದಲ್ಲಿ ತಲೆಮಾರುಗಳಿಂದ ದುಡಿದವರಲ್ಲಿಯೂ ತಪ್ಪು ನಂಬಿಕೆಗಳಿರುತ್ತವೆ. ಮನೆಯಲ್ಲಿ ಅರಿವು ದೊರೆಯುವಂತೆಯೇ ಮೂಢನಂಬಿಕೆಯೂ ದೊರೆಯಬಹುದು. ಗೀಜಗವು ತನ್ನ ಗೂಡಿನ ಒಳಗೋಡೆಗೆ ಹಸಿಮಣ್ಣನ್ನು ಮೆತ್ತಿ, ಅದರಲ್ಲಿ ಮಿಂಚುಹುಳುವನ್ನು ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಕಥೆಯನ್ನು ಅನೇಕರು ನಿಜವೆಂದು ಬಗೆದಿದ್ದಾರೆ. ಗೂಡಿನಲ್ಲಿ ಮಣ್ಣಿರುವುದು ನಿಜ. ಗಾಳಿಗೆ ಗೂಡು ಅತಿಯಾಗಿ ತೂಗಾಡದಂತೆ ಅದು ಭಾರವನ್ನು ಕೊಡುತ್ತಿರಬಹುದೆಂದು ಪಕ್ಷಿಶಾಸ್ತ್ರಜ್ಞರು ಊಹಿಸುತ್ತಾರೆ. ಆದರೆ ಮಿಂಚುಹುಳು? ಹಕ್ಕಿಗಳು ಬಿಟ್ಟುಹೋದ, ಬಿದ್ದ ಗೂಡೊಂದನ್ನು ಬಿಡಿಸಿ ನೋಡಿದ ಮಗುವೇ ಇದಕ್ಕೆ ಉತ್ತರ ಹೇಳಲಿ. ಒಂದು ಗೂಡು ಸಾಲದು, ಹತ್ತನ್ನು ನೋಡಲಿ.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ನಡೆದುದು ಇದೇ ದಾರಿಯಲ್ಲಿ. 1930ರಲ್ಲಿ ಮುಂಬಯಿಯ ಸಮೀಪದ ಕಿಹಿಂ ಎಂಬ ಊರಿನಲ್ಲಿ ಅವರು ಗೀಜಗಗಳ ಗೂಡುಗಳ ಎದುರು ತಾಳ್ಮೆಯಿಂದ ಕುಳಿತು ನೋಡಿದರು. ಗಂಡು ಗೀಜಗವು ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಅದನ್ನು ಪೂರ್ಣಗೊಳಿಸುತ್ತದೆ. ಆಮೇಲೆ ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡನ್ನು ಹೆಣೆಯತೊಡಗುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಮರುವರ್ಷ ಅವರು ಹೈದರಾಬಾದು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಬೀದರ ಸೀಮೆ ಆಗ ಆ ಸಂಸ್ಥಾನಕ್ಕೇ ಸೇರಿದ್ದಿತು. ಗೀಜಗದ ಗೂಡನ್ನು ಅವರಿಗಿಂತ ಮುಂಚೆ ಲಕ್ಷಾಂತರ ಜನ ನೋಡಿದ್ದರು. ಅವರು ದಿನದಿನವೂ ನೋಡಿದರು, ಕಂಡದ್ದನ್ನು ಬರೆದಿಟ್ಟರು. ಭೇದವಿರುವುದು ಇಷ್ಟರಲ್ಲಿಯೇ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಕನ್ನಡಿಗರ ಬಾಯಲ್ಲಿದೆ. ಮನೆಯ ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ಬೇಕಾಗಿಲ್ಲ. ಮಗುವಿನ ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವಿರಬೇಕು. ದಿನಾಂಕ, ಅಳತೆ, ಕಂಡದ್ದು—ಇವನ್ನು ಒಂದು ಕಡೆ ಬರೆಯಬೇಕು. ಊಹಿಸಿದ್ದನ್ನು ಬೇರೆಯಾಗಿ ಬರೆಯಬೇಕು. ಊಹೆ ತಪ್ಪಾದರೆ ಅದನ್ನು ಅಳಿಸಬಾರದು. ತಪ್ಪಾದ ಊಹೆಯೂ ಮುಂದಿನ ಪ್ರಶ್ನೆಗೆ ದಾರಿ ತೋರಿಸುತ್ತದೆ.

ಮನೆಯ ಕಲಿಕೆಗೆ ಮಿತಿಗಳಿವೆ ಎಂಬುದನ್ನೂ ಒಪ್ಪಲೇಬೇಕು. ರೈಜೋಬಿಯಂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಲು ಸೂಕ್ಷ್ಮದರ್ಶಕ ಬೇಕು. ಆಮ್ಲಗಳೊಡನೆ, ವಿದ್ಯುತ್ತಿನೊಡನೆ ಮಾಡುವ ಪ್ರಯೋಗಗಳಿಗೆ ಬಲ್ಲವರ ಮೇಲ್ವಿಚಾರಣೆ ಬೇಕು. ಕೂಲಿಗೆ ಹೋಗುವ ತಾಯಿಗೆ ಮಗುವಿನೊಡನೆ ನೆರಳನ್ನು ಅಳೆಯುವಷ್ಟು ಬಿಡುವಿರುವುದಿಲ್ಲ. 2020ರ ತಿಂಗಳುಗಳು ಇದನ್ನು ಕಠೋರವಾಗಿಯೇ ತಿಳಿಸಿಕೊಟ್ಟವು. ಎಲ್ಲಕ್ಕಿಂತ ಮುಖ್ಯವಾಗಿ, ವಿಜ್ಞಾನಕ್ಕೆ ಸಹಪಾಠಿಗಳು ಬೇಕು. ಒಬ್ಬನು ಅಳೆದುದನ್ನು ಇನ್ನೊಬ್ಬಳು ಅಳೆದು ನೋಡಿ, ಇಬ್ಬರ ಲೆಕ್ಕವೂ ಕೂಡಿಬಂದಾಗಲೇ ಅದಕ್ಕೆ ಬೆಲೆ. ಮನೆಯಲ್ಲಿಯೇ ಓದುವ ಮಗುವಿಗೂ ನೆರೆಹೊರೆಯ ಮಕ್ಕಳ ಜೊತೆ ಬೇಕು. ಆದುದರಿಂದ ಮನೆಯು ಶಾಲೆಯನ್ನು ತಳ್ಳಿಹಾಕುವುದು ಸಲ್ಲದು. ಆದರೆ ಶಾಲೆಯು ಮನೆಯನ್ನು ಮರೆಯುವುದೂ ಅಷ್ಟೇ ಸಲ್ಲದು. ಮನೆಯಲ್ಲಿ ಓದುವ ಮಗುವಿಗೆ ಶಾಲೆಯ ಸೂಕ್ಷ್ಮದರ್ಶಕ ದೊರೆಯಲಿ. ಶಾಲೆಗೆ ಬರುವ ಮಗು ತನ್ನ ಹೊಲದ ಬೇರನ್ನು ತಂದು ಅದರ ಕೆಳಗಿಡಲಿ.

ಇದರಿಂದಾಗುವ ಲಾಭ ಅಂಕಗಳಲ್ಲಿ ಅಳೆಯುವಂತಹುದಲ್ಲ. ತನ್ನ ತಂದೆಯ ಬೇಸಾಯ, ತಾಯಿಯ ಅಡುಗೆ, ನೆರೆಯವರ ಕಸುಬು ಇವೆಲ್ಲ ವಿದ್ಯೆಗೆ ಹೊರಗಾದುವು ಎಂದು ತಿಳಿದು ಬೆಳೆದ ಮಗು ತನ್ನ ಮನೆಯನ್ನೇ ಕೀಳಾಗಿ ಕಾಣುತ್ತದೆ. ಪುಸ್ತಕವನ್ನಾದರೋ ಹೆದರಿಕೆಯಿಂದ ಕಾಣುತ್ತದೆ. ಚಿಟಗುಪ್ಪಕ್ಕೆ ದೂರವಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕಾಯಕವನ್ನೂ ಅನುಭಾವವನ್ನೂ ಬೇರೆಬೇರೆಯಾಗಿ ಎಣಿಸಲಿಲ್ಲ. ದುಡಿಯುವ ಕೈಗೂ ಚಿಂತಿಸುವ ಬುದ್ಧಿಗೂ ನಡುವೆ ಗೋಡೆ ಇರಬೇಕಾಗಿಲ್ಲ ಎಂಬ ಮಾತು ಆ ನೆಲಕ್ಕೆ ಹಳೆಯದು. ತೊಗರಿಯ ಬೇರಿನ ಗಂಟನ್ನು ತಾನೇ ಸೀಳಿ ನೋಡಿದ ಹುಡುಗಿಗೆ ಪುಸ್ತಕದ ವಾಕ್ಯವನ್ನು ಬಾಯಿಪಾಠ ಮಾಡಬೇಕಾದ ಅಗತ್ಯ ಬೀಳುವುದಿಲ್ಲ. ಅಷ್ಟೇ ಅಲ್ಲ, ಆ ವಾಕ್ಯ ನಿಜವೇ ಎಂದು ಕೇಳುವ ಧೈರ್ಯವೂ ಅವಳಿಗೆ ಬಂದಿರುತ್ತದೆ.