ಫಾರ್ಮ್ಯಾಟ್ ಮಾಡಿದರೆ ಅಳಿಸಿದಂತಲ್ಲ

ಊರು ಬದಲಿಸುವಾಗ ಹಳೆಯ ಲ್ಯಾಪ್‌ಟಾಪನ್ನು ಲ್ಯಾಮಿಂಗ್ಟನ್ ರೋಡಿನಲ್ಲೋ ನೆಹರೂ ಪ್ಲೇಸಿನಲ್ಲೋ ಸಿಕ್ಕಷ್ಟಕ್ಕೆ ಮಾರುತ್ತೇವೆ. ‘ಫಾರ್ಮ್ಯಾಟ್ ಮಾಡಿದ್ದೇನಲ್ಲ’ ಎಂಬ ಧೈರ್ಯ ಬೇರೆ! ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪರಿವಿಡಿಯನ್ನು ಮಾತ್ರ, ಪುಟಗಳು ಹಾಗೇ ಇರುತ್ತವೆ. ಬಾಡಿಗೆ ಕರಾರು, ಪ್ಯಾನ್, ಊರಲ್ಲಿರುವ ಅಪ್ಪ-ಅಮ್ಮನ ಆಧಾರ್ ಪ್ರತಿ, ಎಲ್ಲವನ್ನೂ ಉಚಿತ ತಂತ್ರಾಂಶದಿಂದಲೇ ಮರಳಿ ತೆಗೆಯಬಹುದು. ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆದರೆ ಸಾಕು. 35 ಸಲ ಬರೆಯಬೇಕೆಂಬುದು ಹಳೆಯ ಕಾಲದ ಮಡಿ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ, ಹೊಸದಾಗಿ ಬರೆದದ್ದು ಬೇರೆ ಜಾಗಕ್ಕೆ ಹೋಗುತ್ತದೆ. ಅದಕ್ಕೆ ತಯಾರಕರ ಸೆಕ್ಯೂರ್ ಎರೇಸ್ ಬೇಕು. ನನ್ನ ಮಟ್ಟಿಗೆ, ಕೊಂಡ ದಿನವೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವುದು ಎಲ್ಲಕ್ಕಿಂತ ಲೇಸು. ಮಾರುವಾಗ ಕೀಲಿ ಅಳಿಸಿದರಾಯಿತು. ಆನ್ ಆಗದ ಲ್ಯಾಪ್‌ಟಾಪೇ? ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡಿ. ಅಂಗಡಿಯವನು ಸ್ವಲ್ಪ ಕಡಿಮೆ ಕೊಟ್ಟಾನು, ಕೊಡಲಿ.