ಅಣುಸ್ಥಾವರದ ಕವಾಟ: ಪರೀಕ್ಷಿಸುವವರು ಯಾರು, ಲೆಕ್ಕ ಕೇಳುವವರು ಯಾರು?

ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಫೆಬ್ರವರಿ ಕಳೆಯುವ ಹೊತ್ತಿಗೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಹಾಯಿಸುವ ಕೆಲಸ ಭರದಿಂದ ಸಾಗುತ್ತದೆ. ಕೆರೆಯ ನೀರನ್ನು ಗುಡ್ಡದ ನೆತ್ತಿಗೆ ತಳ್ಳುವ ಪೈಪಿನಲ್ಲಿ, ಆ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಒಂದಿರುತ್ತದೆ. ಪಂಪು ಓಡುತ್ತಿರುವಷ್ಟು ಹೊತ್ತು ಅದರ ಇರವು ಯಾರ ಗಮನಕ್ಕೂ ಬರುವುದಿಲ್ಲ. ಕರೆಂಟು ಹಠಾತ್ತನೆ ಹೋಗಿ ಗುಡ್ಡದುದ್ದದ ನೀರಿನ ಭಾರವೆಲ್ಲ ಹಿಂದಕ್ಕೆ ನುಗ್ಗಿದಾಗ ಮಾತ್ರ ಅದರ ಯೋಗ್ಯತೆ ತಿಳಿಯುತ್ತದೆ. ವಾಲ್ವ್ ಹಿಡಿಯದಿದ್ದರೆ ಪಂಪು ಒಡೆಯುತ್ತದೆ, ಪೈಪು ಬಿರಿಯುತ್ತದೆ. ನಷ್ಟ ಆ ತೋಟದವರದು, ಅಲ್ಲಿಗೆ ಮುಗಿಯಿತು.

ಅಣುವಿದ್ಯುತ್ ಸ್ಥಾವರವೊಂದರಲ್ಲಿ ಇಂತಹ ಕವಾಟಗಳು ಸಾವಿರಾರು ಇವೆ. ಒತ್ತಡ ಮಿತಿಮೀರಿದಾಗ ತೆರೆದುಕೊಂಡು, ಇಳಿದೊಡನೆ ಮುಚ್ಚಿಕೊಳ್ಳಬೇಕಾದ ಸುರಕ್ಷಾ ಕವಾಟಗಳು ಅವುಗಳಲ್ಲಿ ಮುಖ್ಯವಾದವು. ತೆರೆಯದಿದ್ದರೆ ಕೊಳವೆಗಳು ಸಿಡಿಯಬಹುದು. ತೆರೆದು ಮುಚ್ಚದಿದ್ದರೆ ರಿಯಾಕ್ಟರನ್ನು ತಂಪಾಗಿಡುವ ನೀರೇ ಬರಿದಾಗಬಹುದು. ವರ್ಷಗಟ್ಟಲೆ ಸುಮ್ಮನಿದ್ದು ಒಂದು ಗಳಿಗೆಯಲ್ಲಿ ತಪ್ಪದೆ ಕೆಲಸ ಮಾಡಬೇಕಾದ ಸಾಧನದ ಮೇಲೆ ನಂಬಿಕೆ ಹುಟ್ಟುವುದು ಹೇಗೆ? ನಿಯತವಾಗಿ ಪರೀಕ್ಷಿಸಬೇಕು, ಫಲಿತಾಂಶವನ್ನು ಬರೆದಿಡಬೇಕು, ಅದು ಕೆಟ್ಟದಾಗಿದ್ದರೆ ಸ್ಥಾವರವನ್ನೇ ನಿಲ್ಲಿಸುವ ಧೈರ್ಯ ಮತ್ತು ಅಧಿಕಾರ ಯಾರಿಗಾದರೂ ಇರಬೇಕು. ಭಾರತದಲ್ಲಿ ಆ ಅಧಿಕಾರ ಇರುವುದು ಯಾರಿಗೆ, ಅವರು ಯಾರ ಅಧೀನದಲ್ಲಿದ್ದಾರೆ ಎಂಬ ಪ್ರಶ್ನೆಯನ್ನು ಮಲೆನಾಡಿನ ಜನ ಕೇಳಲೇಬೇಕಾದ ಕಾಲ ಬಂದಿದೆ.

ಕವಾಟ ಕೈಕೊಟ್ಟಾಗ

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಒತ್ತಡ ಏರಿದಾಗ ಕವಾಟ ತೆರೆಯಿತು, ಇಳಿದಾಗ ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯಲ್ಲಿದ್ದ ದೀಪವು ಕವಾಟ ಮುಚ್ಚಿತೆಂಬುದನ್ನು ತೋರಿಸುತ್ತಿರಲಿಲ್ಲ. ಮುಚ್ಚಬೇಕೆಂಬ ವಿದ್ಯುತ್ ಸಂಕೇತ ಹೋಯಿತೆಂಬುದನ್ನಷ್ಟೇ ತೋರಿಸುತ್ತಿತ್ತು. ದೀಪ ಆರಿದ್ದನ್ನು ಕಂಡು ಸಿಬ್ಬಂದಿ ಕವಾಟ ಮುಚ್ಚಿದೆಯೆಂದೇ ತಿಳಿದರು. ಎರಡು ಗಂಟೆಗೂ ಹೆಚ್ಚು ಕಾಲ ನೀರು ಸೋರಿ ಇಂಧನದ ಸುಮಾರು ಅರ್ಧಭಾಗ ಕರಗಿತು.

ಇದು ಹಠಾತ್ತಾಗಿ ಬಂದೆರಗಿದ ವಿಪತ್ತಾಗಿರಲಿಲ್ಲ. 1977ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಕಟ್ಟಿದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇದೇ ಬಗೆಯ ಕವಾಟ ಹೀಗೆಯೇ ತೆರೆದೇ ಉಳಿದಿತ್ತು. ಅಲ್ಲಿನ ಸಿಬ್ಬಂದಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಸಂಗತಿಯನ್ನು ಗ್ರಹಿಸಿದ್ದರಿಂದ ಅನಾಹುತ ತಪ್ಪಿತ್ತು. ಆ ಪಾಠ ಇತರ ಸ್ಥಾವರಗಳಿಗೆ ತಲುಪಲಿಲ್ಲ. ಈ ಬಗೆಯ ಕವಾಟ ಮೊದಲೇ ಹನ್ನೊಂದು ಸಲ ವಿಫಲವಾಗಿತ್ತು, ಅದರಲ್ಲಿ ಒಂಬತ್ತು ಸಲ ತೆರೆದೇ ಉಳಿದಿತ್ತು ಎಂಬುದು ಅಧ್ಯಕ್ಷರು ನೇಮಿಸಿದ ಕೆಮೆನಿ ಆಯೋಗದ ವಿಚಾರಣೆಯಲ್ಲಿ ಬಯಲಾಯಿತು. ಲೋಹದ ದೋಷಕ್ಕಿಂತ ದೊಡ್ಡದಾಗಿದ್ದದ್ದು ಲೆಕ್ಕ ಇಡುವವರ, ಲೆಕ್ಕ ಕೇಳುವವರ ದೋಷ.

ಕೈಗಾದ ರಿಯಾಕ್ಟರುಗಳು ಬೇರೆ ಜಾತಿಯವು, ಅವುಗಳಿಗೆ ಈ ಮಾತು ಅನ್ವಯಿಸದು ಎನ್ನುವವರಿದ್ದಾರೆ. ಜಾತಿ ಬೇರೆ ಎಂಬುದು ನಿಜ. ಕೈಗಾದವು ಕೆನಡಾದ ತಂತ್ರಜ್ಞಾನದಿಂದ ಕವಲೊಡೆದ ಭಾರಜಲದ ರಿಯಾಕ್ಟರುಗಳು. ಆ ಕುಲದ ಮೂಲಮನೆಯಾದ ಕೆನಡಾದಲ್ಲಿಯೇ, ಪಿಕರಿಂಗ್ ಸ್ಥಾವರದ ಎರಡನೆಯ ಘಟಕದಲ್ಲಿ, 1994ರ ಡಿಸೆಂಬರ್ 10ರಂದು ಒತ್ತಡ ಇಳಿಸುವ ಕವಾಟದೊಳಗಿನ ರಬ್ಬರಿನ ಪೊರೆ ಹರಿಯಿತು. ಕವಾಟ ತೆರೆದುಕೊಂಡಿತು, ಮುಂದಿನ ಕವಾಟಗಳು ಅದುರತೊಡಗಿದವು, ಆ ಅದುರಾಟಕ್ಕೆ ಕೊಳವೆ ಬಿರುಕುಬಿಟ್ಟು ನೂರಕ್ಕೂ ಹೆಚ್ಚು ಟನ್ ಭಾರಜಲ ಚೆಲ್ಲಿತು. ತುರ್ತು ತಂಪು ವ್ಯವಸ್ಥೆಯನ್ನು ಬಳಸಬೇಕಾಗಿ ಬಂದು ರಿಯಾಕ್ಟರು ಉಳಿಯಿತು. ಅಂಗೈಯಗಲದ ರಬ್ಬರಿಗೂ ವಯಸ್ಸಾಗುತ್ತದೆ ಎಂಬುದನ್ನು ಪಂಪಿನ ವಾಷರ್ ಬದಲಿಸಿದ ಯಾವ ರೈತನೂ ಬಲ್ಲ.

ಕೂಡಂಕುಳದ ನಾಲ್ಕು ಕವಾಟಗಳು

ಭಾರತದ ಉದಾಹರಣೆಯೂ ಇದೆ. ಕೂಡಂಕುಳದ ಮೊದಲ ಘಟಕ ಚಾಲನೆಗೆ ಸಿದ್ಧವಾಗುತ್ತಿದ್ದ 2013ರ ಏಪ್ರಿಲ್‌ನಲ್ಲಿ, ಸಾವಿರಾರು ಕವಾಟಗಳ ಪರೀಕ್ಷೆಯಲ್ಲಿ ಒಂದು ಬಗೆಯ ನಾಲ್ಕು ಕವಾಟಗಳ ಕಾರ್ಯಕ್ಷಮತೆ ಸಾಲದೆಂದು ಕಂಡುಬಂದಿರುವುದಾಗಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೇ ಪ್ರಕಟಿಸಿತು. ಇದನ್ನು ಮಂಡಳಿಯ ಜಾಗರೂಕತೆಗೆ ಸಾಕ್ಷಿಯೆಂದು ಹೊಗಳಲಾಯಿತು. ದೋಷ ಸಿಕ್ಕಿದ್ದು ಒಳ್ಳೆಯದೇ. ಆದರೆ ಆ ಕವಾಟಗಳು ಕಾರ್ಖಾನೆಯ ತಪಾಸಣೆ, ಖರೀದಿಯ ತಪಾಸಣೆ, ಜೋಡಣೆಯ ತಪಾಸಣೆಗಳನ್ನೆಲ್ಲ ದಾಟಿ ಬಂದದ್ದು ಹೇಗೆ? ಸ್ಥಾವರಕ್ಕೆ ಉಪಕರಣ ಪೂರೈಸಿದ್ದ ರಷ್ಯಾದ ಜಿಯೊ-ಪೊಡೋಲ್ಸ್ಕ್ ಕಂಪನಿಯ ಖರೀದಿ ನಿರ್ದೇಶಕ, ಕಳಪೆ ಉಕ್ಕಿನ ವ್ಯವಹಾರದ ಆರೋಪದಲ್ಲಿ 2012ರಲ್ಲಿ ಬಂಧಿತನಾಗಿದ್ದ. ಈ ಹಿನ್ನೆಲೆಯಲ್ಲಿ ಪೂರ್ಣ ಪರಿಶೀಲನೆಯಾಗಲಿ ಎಂದು ಬಹಿರಂಗವಾಗಿ ಒತ್ತಾಯಿಸಿದವರು ಅದೇ ಮಂಡಳಿಯ ಮಾಜಿ ಅಧ್ಯಕ್ಷ ಎ. ಗೋಪಾಲಕೃಷ್ಣನ್. ಸುಪ್ರೀಂ ಕೋರ್ಟ್ 2013ರ ಮೇ 6ರಂದು ಹದಿನೈದು ಸೂಚನೆಗಳೊಡನೆ ಸ್ಥಾವರಕ್ಕೆ ಅನುಮತಿ ನೀಡಿತು. 2014ರ ಮೇ ತಿಂಗಳಲ್ಲಿ ಅದೇ ಘಟಕದ ಕವಾಟವೊಂದರ ದುರಸ್ತಿಯ ವೇಳೆ ಬಿಸಿನೀರು ಚಿಮ್ಮಿ ಆರು ಮಂದಿ ಕೆಲಸಗಾರರು ಸುಟ್ಟಗಾಯಗಳಿಂದ ನರಳಿದರು.

ಕಾವಲುಗಾರನ ಸಂಬಳ ಯಾರ ಕೈಯಲ್ಲಿ?

ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರ ನವೆಂಬರಿನಲ್ಲಿ, ಸರ್ಕಾರದ ಒಂದು ಆದೇಶದಿಂದ. ಅದು ವರದಿ ಒಪ್ಪಿಸಬೇಕಾಗಿದ್ದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರಗಳನ್ನು ನಡೆಸುವ ಅಣುವಿದ್ಯುತ್ ನಿಗಮವೂ ಅದೇ ಇಲಾಖೆಯ ಕೈಕೆಳಗಿನದು. ತೋಟದ ಮಾಲೀಕನೇ ನೇಮಿಸಿದ ರೈಟರು ಅದೇ ಮಾಲೀಕನ ಲೆಕ್ಕವನ್ನು ತಪಾಸಣೆ ಮಾಡಿದಂತೆ ಈ ಏರ್ಪಾಡು ನಾಲ್ಕು ದಶಕ ನಡೆಯಿತು.

ಇದರ ಫಲ ಕರ್ನಾಟಕಕ್ಕೆ ತಿಳಿಯದ್ದಲ್ಲ. 1994ರ ಮೇ 13ರಂದು, ಕಟ್ಟುತ್ತಿದ್ದ ಕೈಗಾ ಮೊದಲ ಘಟಕದ ಗುಮ್ಮಟದ ಒಳಪದರ ಕಳಚಿ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟು ಕೆಳಗೆ ಬಿತ್ತು. ಅಪಘಾತವಾದಾಗ ವಿಕಿರಣವನ್ನು ತಡೆದು ನಿಲ್ಲಿಸಬೇಕಾದ ಗುಮ್ಮಟವದು. ರಿಯಾಕ್ಟರು ಚಾಲನೆಯಲ್ಲಿರಲಿಲ್ಲ ಎಂಬುದೊಂದೇ ಪುಣ್ಯ. ಐದು ವರ್ಷ ಹಿಂದೆ, 1989ರಲ್ಲಿ, ಕೈಗಾ ಬೇಡವೆಂದು ಶಿವರಾಮ ಕಾರಂತರು ಲೋಕಸಭೆಗೆ ಸ್ಪರ್ಧಿಸಿ ಸೋತಾಗ ನಕ್ಕವರಿಗೆ ಗುಮ್ಮಟವೇ ಉತ್ತರ ಹೇಳಿತು. ಮರುವರ್ಷ, ಗೋಪಾಲಕೃಷ್ಣನ್ ಅಧ್ಯಕ್ಷತೆಯ ಮಂಡಳಿಯು ಇಲಾಖೆಯ ಸ್ಥಾವರಗಳಲ್ಲಿನ ಸುಮಾರು 130 ಸುರಕ್ಷತಾ ಸಮಸ್ಯೆಗಳನ್ನು ಪಟ್ಟಿ ಮಾಡಿತು. ಆ ವರದಿಗೆ ರಹಸ್ಯದ ಮುದ್ರೆ ಬಿತ್ತು. ಅದನ್ನು ಬಹಿರಂಗಪಡಿಸಬೇಕೆಂಬ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ರಹಸ್ಯವನ್ನೇ ಎತ್ತಿಹಿಡಿಯಿತು.

2012ರಲ್ಲಿ ಮಹಾಲೆಕ್ಕಪರಿಶೋಧಕರ ವರದಿ ಸಂಸತ್ತಿನ ಮುಂದೆ ಬಂತು. ಮಂಡಳಿಗೆ ಸ್ವತಂತ್ರ ಕಾನೂನು ಸ್ಥಾನವಿಲ್ಲ, ನಿಯಮ ಮೀರಿದವರಿಗೆ ವಿಧಿಸಬಹುದಾದ ಗರಿಷ್ಠ ದಂಡ 500 ರೂಪಾಯಿ ಎಂದು ಅದು ಎತ್ತಿ ತೋರಿತು. ಅಷ್ಟು ಹೊತ್ತಿಗಾಗಲೇ 2011ರಲ್ಲಿ ಲೋಕಸಭೆಯ ಮುಂದೆ ಬಂದಿದ್ದ ಸುರಕ್ಷತಾ ಪ್ರಾಧಿಕಾರದ ಮಸೂದೆ ಕೊನೆಗೆ 2014ರಲ್ಲಿ ಬಿದ್ದುಹೋಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಎಂಬ ಚಂದದ ಹೆಸರಿನ ಕಾಯಿದೆಯನ್ನು ಅಂಗೀಕರಿಸಿತು. ನಿಯಂತ್ರಣ ಮಂಡಳಿಗೆ ಕೊನೆಗೂ ಶಾಸನಬದ್ಧ ಸ್ಥಾನ ನೀಡುವ ಅಂಶ ಅದರಲ್ಲಿದೆ. ಇದು ಸ್ವಾಗತಾರ್ಹ. ಆದರೆ ಅದೇ ಕಾಯಿದೆ ಖಾಸಗಿ ಕಂಪನಿಗಳಿಗೆ ಅಣುವಿದ್ಯುತ್ತಿನ ಬಾಗಿಲು ತೆರೆಯಿತು. 2010ರ ಹೊಣೆಗಾರಿಕೆ ಕಾಯಿದೆಯಲ್ಲಿದ್ದ ಒಂದು ಮುಖ್ಯ ರಕ್ಷಣೆಯನ್ನೂ ಕಿತ್ತುಹಾಕಿತು. ದೋಷಯುಕ್ತ ಉಪಕರಣದಿಂದ ಅಪಘಾತವಾದರೆ ಅದನ್ನು ಪೂರೈಸಿದವರಿಂದ ನಷ್ಟ ವಸೂಲು ಮಾಡುವ ಹಕ್ಕನ್ನು ಹಳೆಯ ಕಾಯಿದೆಯ 17ನೆಯ ಸೆಕ್ಷನ್ ಸ್ಥಾವರ ನಡೆಸುವವರಿಗೆ ಕೊಟ್ಟಿತ್ತು. ಹೊಸ ಕಾಯಿದೆಯಲ್ಲಿ ಅದಿಲ್ಲ. ಕಳಪೆ ಬಿತ್ತನೆ ಬೀಜ ಮಾರಿದ ಅಂಗಡಿಯವನ ಮೇಲೆ ರೈತ ಗ್ರಾಹಕರ ವೇದಿಕೆಗೆ ಹೋಗಬಹುದು. ಕಳಪೆ ಕವಾಟ ಮಾರಿದ ಕಂಪನಿಗೆ ಮಾತ್ರ, ಕರಾರಿನಲ್ಲಿ ಬರೆದಿರದಿದ್ದರೆ ಅಥವಾ ದುರುದ್ದೇಶ ಸಾಬೀತಾಗದಿದ್ದರೆ, ಆ ಚಿಂತೆಯಿಲ್ಲ.

ಇಲಾಖೆಯೊಳಗಿನ ಕಾವಲುಗಾರನ ಗತಿಯೇನೆಂಬುದನ್ನು ಜಪಾನ್ ಕಂಡಿದೆ. ಅಲ್ಲಿ ಸುರಕ್ಷತೆಯನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆ, ಅಣುವಿದ್ಯುತ್ತನ್ನು ಬೆಳೆಸುವ ಸಚಿವಾಲಯದಡಿಯಲ್ಲೇ ಇತ್ತು. 2011ರ ಮಾರ್ಚ್‌ನಲ್ಲಿ ಫುಕುಶಿಮಾದಲ್ಲಿ ವಿದ್ಯುತ್ ಕಡಿದುಹೋದಾಗ, ಸುರಕ್ಷಾ ಕವಾಟಗಳನ್ನು ತೆರೆಯಲು ಸಿಬ್ಬಂದಿ ಕಾರುಗಳ ಬ್ಯಾಟರಿ ಕಿತ್ತು ತಂದು ಜೋಡಿಸಬೇಕಾಯಿತು. ಇದು ಮಾನವನಿರ್ಮಿತ ದುರಂತ, ನಿಯಂತ್ರಕರು ಕಂಪನಿಯ ವಶವಾಗಿದ್ದರು ಎಂದು 2012ರಲ್ಲಿ ಅಲ್ಲಿನ ಸಂಸತ್ತಿನ ಆಯೋಗವೇ ತೀರ್ಮಾನಿಸಿತು. ಅದೇ ವರ್ಷ ಜಪಾನ್ ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರವನ್ನು ರಚಿಸಿತು.

ದಾಖಲೆಯ ಓಟ ಮತ್ತು ಮುಚ್ಚಿದ ಕಡತ

ಕೈಗಾ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅಲ್ಲಿನ ಕೆಲಸಗಾರರ ಕೌಶಲವನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೆ ಓಟದ ದಾಖಲೆ ಸುರಕ್ಷಾ ಕವಾಟದ ದಾಖಲೆಯಾಗದು. ಎಪ್ಪತ್ತು ವರ್ಷ ನೀರು ಹಿಡಿದಿದ್ದ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್‌ಗೇಟು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹಿಂದಿನ ದಿನದವರೆಗೆ ಆ ಗೇಟಿನ ಚರಿತ್ರೆಯೂ ನಿಷ್ಕಳಂಕವೇ ಆಗಿತ್ತು.

ವಿವರ ಬಿಟ್ಟುಕೊಟ್ಟರೆ ದೇಶದ ಭದ್ರತೆಗೆ ಧಕ್ಕೆ ಎಂಬುದು ಹಳೆಯ ಸಬೂಬು. ಅಮೆರಿಕದಲ್ಲಿ ಸುರಕ್ಷಾ ಕವಾಟಗಳು ನಿಗದಿಯಾದ ಮಿತಿಯಲ್ಲಿ ತೆರೆಯುವುದಿಲ್ಲವೆಂದು ಪರೀಕ್ಷೆಯಲ್ಲಿ ಕಂಡರೆ ಸ್ಥಾವರದವರು ಅರವತ್ತು ದಿನಗಳೊಳಗೆ ಲಿಖಿತ ವರದಿ ಕೊಡುತ್ತಾರೆ. ಯಾವ ವಿದ್ಯಾರ್ಥಿಯೂ ಅದನ್ನು ಓದಬಹುದು. ಅಣುಬಾಂಬು ಇಟ್ಟುಕೊಂಡ ಆ ದೇಶಕ್ಕೆ ಇದರಿಂದ ಧಕ್ಕೆಯಾಗಿಲ್ಲ. ಭಾರತದ ಮಂಡಳಿಯ ವಾರ್ಷಿಕ ವರದಿಯಲ್ಲಿ ಬರುವ ಘಟನೆಗಳ ಸಂಕ್ಷೇಪ ಇದಕ್ಕೆ ಸಮನಾಗದು. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಹೊಕ್ಕಾಗಲೂ ಹೊರಗಿನವರಿಗೆ ತಿಳಿದದ್ದು ಕೆಲವು ದಿನಗಳ ಬಳಿಕ.

ಸಕಲೇಶಪುರಕ್ಕೇನು ಸಂಬಂಧ?

ಕೈಗಾ ಸಕಲೇಶಪುರದಿಂದ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್ ದೂರದಲ್ಲಿದೆ. ಕೈಗಾ ಚೆರ್ನೋಬಿಲ್ ಅಲ್ಲ, ಅಲ್ಲಿನ ರಿಯಾಕ್ಟರಿನ ರಚನೆಯೇ ಬೇರೆ. ಆದರೂ ಗುಡ್ಡಗಾಡಿನ ಕೃಷಿಕರು ಅರಿಯಬೇಕಾದ ಪಾಠವೊಂದು ಚೆರ್ನೋಬಿಲ್‌ನಲ್ಲಿದೆ. 1986ರಲ್ಲಿ ಅಲ್ಲಿಂದ ಹೊರಟ ಸೀಸಿಯಂ ಎರಡು ಸಾವಿರ ಕಿಲೋಮೀಟರಿಗೂ ದೂರದ ವೇಲ್ಸ್ ಮತ್ತು ಕಂಬ್ರಿಯಾದ ಗುಡ್ಡಗಳ ಮೇಲೆ ಮಳೆಯೊಡನೆ ಇಳಿಯಿತು. ಅಲ್ಲಿನ ಕುರಿ ಮಾರಾಟದ ಮೇಲೆ ಕೆಲವು ವಾರಗಳಿಗೆಂದು ಹೇರಿದ ನಿರ್ಬಂಧ ಪೂರ್ತಿಯಾಗಿ ತೆರವಾದದ್ದು 2012ರಲ್ಲಿ. ಬಯಲಿನ ಜೇಡಿಮಣ್ಣು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟರೆ, ಗುಡ್ಡದ ಹುಳಿಮಣ್ಣು ಅದನ್ನು ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಬಿಟ್ಟುಕೊಡುತ್ತಲೇ ಇತ್ತು.

ಮಲೆನಾಡಿನ ಮಣ್ಣೂ ಹುಳಿಯೇ. ಮಳೆಗೆ ಪೊಟ್ಯಾಷ್ ತೊಳೆದುಹೋಗುವ, ಸೀಸಿಯಂ ಅನ್ನು ಸಡಿಲವಾಗಿ ಮಾತ್ರ ಹಿಡಿಯಬಲ್ಲ ಜೇಡಿಯಿರುವ ಮಣ್ಣು ಇದು. ಪಶ್ಚಿಮ ಘಟ್ಟದ ಮಳೆ ಗಾಳಿಯಲ್ಲಿದ್ದುದನ್ನು ನೆಲಕ್ಕೆ ತರುತ್ತದೆ. ನೆಲ ಅದನ್ನು ಏಲಕ್ಕಿಗೆ, ಕಾಫಿಗೆ, ಹಸುವಿನ ಹಾಲಿಗೆ ದಾಟಿಸಬಲ್ಲದು. ವಿದೇಶದ ಖರೀದಿದಾರ ಕಾಫಿ ಚೀಲದ ಮೇಲೆ ವಿಕಿರಣದ ಮಾಪಕ ಹಿಡಿದ ದಿನ, ದೂರ ಎಷ್ಟೆಂದು ಕೇಳುವವರು ಯಾರೂ ಇರುವುದಿಲ್ಲ. ಕೈಗಾದಲ್ಲಿ ಈಗಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವಾಟ್‌ನ ಇನ್ನೆರಡಕ್ಕೆ ಕೇಂದ್ರ ಸಂಪುಟ 2017ರಲ್ಲೇ ಒಪ್ಪಿಗೆ ನೀಡಿದೆ. ಆದ್ದರಿಂದ ಮಲೆನಾಡಿನ ಗ್ರಾಮಸಭೆಗಳು, ಕಾಲೇಜುಗಳು, ಬೆಳೆಗಾರರ ಸಂಘಗಳು ಈ ಕೆಳಗಿನ ಹಕ್ಕೊತ್ತಾಯಗಳನ್ನು ನಿರ್ಣಯ ರೂಪದಲ್ಲಿ ಅಂಗೀಕರಿಸಿ ಸಂಸದರಿಗೆ ಕಳುಹಿಸಬೇಕು.

1. ನಿಯಂತ್ರಣ ಮಂಡಳಿಯ ಸದಸ್ಯರ ಆಯ್ಕೆಯಲ್ಲಿ ಅಣುಶಕ್ತಿ ಇಲಾಖೆಗಾಗಲಿ ಆಯೋಗಕ್ಕಾಗಲಿ ಪಾತ್ರವಿರಕೂಡದು. ಮಂಡಳಿ ನೇರವಾಗಿ ಸಂಸತ್ತಿಗೆ ಉತ್ತರಿಸಬೇಕು.

2. ಕೈಗಾದ ಪ್ರತಿ ಘಟಕದ ಸುರಕ್ಷಾ ಕವಾಟಗಳ ಪರೀಕ್ಷೆ ನಡೆದ ದಿನ, ಫಲಿತಾಂಶ, ವಿಫಲವಾದವುಗಳ ಸಂಖ್ಯೆ ಮತ್ತು ಕಾರಣವನ್ನು ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಿ, ಕಾರವಾರ ಮತ್ತು ಸುತ್ತಲಿನ ತಾಲ್ಲೂಕುಗಳ ಗ್ರಾಮಪಂಚಾಯಿತಿಗಳಿಗೆ ತಲುಪಿಸಬೇಕು.

3. ದೋಷಯುಕ್ತ ಉಪಕರಣ ಪೂರೈಸಿದವರ ಹೊಣೆಗಾರಿಕೆಯನ್ನು ಕಾಯಿದೆಯಲ್ಲಿ ಮರಳಿ ಸೇರಿಸಬೇಕು.

4. ಕೈಗಾ 5 ಮತ್ತು 6ನೆಯ ಘಟಕಗಳಿಗೆ ಇಂಧನ ತುಂಬುವ ಮುನ್ನ, ತಿರಸ್ಕೃತವಾದ ಕವಾಟಗಳ ಮತ್ತು ಅವುಗಳ ತಯಾರಕರ ಪಟ್ಟಿಯನ್ನು ಇಲಾಖೆಯ ಹೊರಗಿನ ತಜ್ಞರು ಪರಿಶೀಲಿಸಿ ಬಹಿರಂಗಪಡಿಸಬೇಕು.

5. ಉತ್ತರ ಕನ್ನಡದಿಂದ ಹಾಸನ, ಕೊಡಗಿನವರೆಗೆ ಮಣ್ಣು, ಹಾಲು, ಕಾಫಿ ಮತ್ತು ಸಾಂಬಾರ ಬೆಳೆಗಳಲ್ಲಿ ಇಂದಿರುವ ವಿಕಿರಣದ ಪ್ರಮಾಣವನ್ನು ಕೃಷಿ ವಿಶ್ವವಿದ್ಯಾಲಯಗಳು ಅಳೆದು ದಾಖಲಿಸಬೇಕು. ಇಂದಿನ ಅಳತೆ ಇಲ್ಲದಿದ್ದರೆ ನಾಳೆಯ ನಷ್ಟವನ್ನು ಯಾವ ನ್ಯಾಯಾಲಯದಲ್ಲೂ ಸಾಬೀತುಪಡಿಸಲಾಗದು.

ಅಣುವಿದ್ಯುತ್ ಬೇಕೋ ಬೇಡವೋ ಎಂಬ ಚರ್ಚೆ ಮುಂದುವರಿಯಲಿ. ಬೇಕು ಎನ್ನುವವರು ಕೂಡ ಈ ಐದರಲ್ಲಿ ಯಾವುದನ್ನು ಬೇಡವೆನ್ನುತ್ತಾರೆ, ಏಕೆ ಬೇಡವೆನ್ನುತ್ತಾರೆ ಎಂಬುದನ್ನು ಜನರ ಮುಂದೆ ಬಂದು ಹೇಳಲಿ.